ಡೆಲ್ಗಾಡೊ ಹಾಲ್ ಆಫ್ ಫೇಮ್ ಸೇರಬೇಕೇ? ಈ ವಾದವನ್ನು ನೆಟ್ಟಗೆ ಮಾಡುವ ಬಗೆ

ಒಂಬತ್ತು ಮತ ಬಂತು. ಬೇಕಿದ್ದದ್ದು ಹನ್ನೆರಡು.

2025ರ ಡಿಸೆಂಬರ್‌ನಲ್ಲಿ ಟೊರೊಂಟೊ ಬ್ಲೂ ಜೇಸ್ ತಂಡದ ಮಾಜಿ ಆಟಗಾರ ಕಾರ್ಲೋಸ್ ಡೆಲ್ಗಾಡೊ ಅವರ ಹೆಸರು, ಶ್ರೇಷ್ಠ ಆಟಗಾರರನ್ನು ಗೌರವಿಸುವ ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನ ಹದಿನಾರು ಜನರ ಸಮಿತಿಯ ಮುಂದೆ ಹೋಗಿತ್ತು. ಜೆಫ್ ಕೆಂಟ್ 14 ಮತ ಪಡೆದು ಆಯ್ಕೆಯಾದರು. ಡೆಲ್ಗಾಡೊಗೆ ಮೂರು ಮತ ಸಾಲದೇ ಹೋಯಿತು. ಆ ವಾರ ಟೊರೊಂಟೊದಲ್ಲಿ ನಾವು ಕೆಲವು ಗೆಳೆಯರು ಒಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. "473 ಹೋಮ್ ರನ್ ಹೊಡೆದವರನ್ನ ಹೊರಗೆ ನಿಲ್ಲಿಸ್ತಾರಾ?" ಅಂತ ಒಬ್ಬರು ಶುರು ಮಾಡಿದರು. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ. "ಒಂದೂ ವರ್ಲ್ಡ್ ಸೀರೀಸ್ ಆಡಿಲ್ವಲ್ಲ" ಅಂತ ಇನ್ನೊಬ್ಬರು. ಅದು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನ ವರ್ಷದ ಫೈನಲ್. ಊಟ ಆರಿಹೋಯಿತು. ಎರಡು ಗಂಟೆ ಕಳೆದ ಮೇಲೂ ಎಲ್ಲರೂ ಮೊದಲು ಹೇಳಿದ್ದನ್ನೇ ಹೇಳುತ್ತಿದ್ದರು.

ಮನೆಗೆ ಬಂದ ಮೇಲೆ ನನಗೆ ಅದೇ ಯೋಚನೆ. ಬೇಸ್‌ಬಾಲಿನಲ್ಲಿ ಇಷ್ಟು ಅಂಕಿಅಂಶ ಇದೆ, ಆದರೂ ನಮ್ಮ ವಾದ ಯಾಕೆ ಮುಂದೆ ಹೋಗಲಿಲ್ಲ? ಆಮೇಲೆ ಕೂತು ಒಂದೊಂದಾಗಿ ಬರೆದುಕೊಂಡೆ. ನಿವೃತ್ತನಾದ ಯಾವುದೇ ದೊಡ್ಡ ಹೊಡೆತಗಾರನ ಬಗ್ಗೆ, ಅಂದರೆ ಇಲ್ಲಿನವರು ಸ್ಲಗ್ಗರ್ ಅನ್ನುವ ಆಟಗಾರನ ಬಗ್ಗೆ, ಈ ದಾರಿಯಲ್ಲಿ ವಾದ ಮಾಡಬಹುದು. ಉದಾಹರಣೆಗೆ ಡೆಲ್ಗಾಡೊ ಅವರನ್ನೇ ಇಟ್ಟುಕೊಂಡಿದ್ದೇನೆ. ಅವರದ್ದು ಗೆರೆಯ ಮೇಲೆ ನಿಂತ ಪ್ರಕರಣ. ಬೇಬ್ ರೂತ್ ಬಗ್ಗೆ ಯಾರೂ ಜಗಳ ಆಡುವುದಿಲ್ಲ ಅಲ್ವಾ?

1. ಮೊದಲು ನಿಯಮ ತಿಳಿದುಕೊಳ್ಳಿ

ಅರ್ಧ ಜಗಳ ಹುಟ್ಟುವುದೇ ನಿಯಮ ಗೊತ್ತಿಲ್ಲದೆ. ಹಾಲ್ ಆಫ್ ಫೇಮ್ ಇರುವುದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನಲ್ಲಿ. ಮೊದಲ ಮತದಾನ ನಡೆದದ್ದು 1936ರಲ್ಲಿ. ಮ್ಯೂಸಿಯಂ ತೆರೆದದ್ದು 1939ರಲ್ಲಿ. ಆಟಗಾರರು ಒಳಗೆ ಹೋಗಲು ಎರಡು ದಾರಿ ಇವೆ.

ಮೊದಲನೆಯದು ಪತ್ರಕರ್ತರ ಮತ. ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಸತತ ಹತ್ತು ವರ್ಷ ಸದಸ್ಯರಾಗಿದ್ದವರು ಮತ ಹಾಕುತ್ತಾರೆ. ಆಟಗಾರ ಕನಿಷ್ಠ ಹತ್ತು ಸೀಸನ್ ಆಡಿರಬೇಕು, ನಿವೃತ್ತನಾಗಿ ಐದು ವರ್ಷ ಆಗಿರಬೇಕು. ಆಯ್ಕೆಯಾಗಲು ಶೇ 75 ಮತ ಬೇಕು. ಶೇ 5ಕ್ಕಿಂತ ಕಡಿಮೆ ಬಂದರೆ ಆ ವರ್ಷವೇ ಹೆಸರು ಬಿದ್ದುಹೋಗುತ್ತದೆ. ಇಲ್ಲವಾದರೆ ಹತ್ತು ವರ್ಷ ಉಳಿಯಬಹುದು. 2014ರವರೆಗೆ ಇದು ಹದಿನೈದು ವರ್ಷ ಇತ್ತು. ಒಬ್ಬ ಪತ್ರಕರ್ತ ಒಂದು ಮತಪತ್ರದಲ್ಲಿ ಹತ್ತು ಹೆಸರಿಗಿಂತ ಜಾಸ್ತಿ ಬರೆಯುವ ಹಾಗಿಲ್ಲ. ಈ ಕೊನೆಯ ನಿಯಮವನ್ನು ನೆನಪಿಡಿ. ಡೆಲ್ಗಾಡೊ ಕಥೆಯ ತಿರುವು ಇದರಲ್ಲೇ ಇದೆ.

ಎರಡನೆಯದು ಸಮಿತಿ. ಪತ್ರಕರ್ತರ ಪಟ್ಟಿಯಲ್ಲಿ ತಪ್ಪಿಹೋದವರನ್ನು ಮತ್ತೊಮ್ಮೆ ನೋಡಲು ಹದಿನಾರು ಜನ ಕೂರುತ್ತಾರೆ. ಹನ್ನೆರಡು ಮತ ಬಂದರೆ ಒಳಗೆ.

ಈಗ 2015ರ ಮತಪತ್ರ ನೋಡಿ. ಡೆಲ್ಗಾಡೊ ಮೊದಲ ಬಾರಿ ಪಟ್ಟಿಗೆ ಬಂದ ವರ್ಷ ಅದು. 549 ಜನ ಮತ ಹಾಕಿದರು. ಡೆಲ್ಗಾಡೊಗೆ ಬಂದದ್ದು 21, ಅಂದರೆ ಶೇ 3.8. ಇನ್ನು ಏಳು ಮತ ಬಂದಿದ್ದರೆ ಹೆಸರು ಮುಂದಿನ ವರ್ಷಕ್ಕೆ ಉಳಿಯುತ್ತಿತ್ತು. ಅದೇ ಪಟ್ಟಿಯಲ್ಲಿ ರ‍್ಯಾಂಡಿ ಜಾನ್ಸನ್, ಪೆಡ್ರೊ ಮಾರ್ಟಿನೆಜ್, ಜಾನ್ ಸ್ಮೋಲ್ಟ್ಸ್, ಕ್ರೇಗ್ ಬಿಜಿಯೊ ಇದ್ದರು. ನಾಲ್ವರೂ ಆ ವರ್ಷವೇ ಆಯ್ಕೆಯಾದರು. ಒಂದೇ ವರ್ಷ ಪತ್ರಕರ್ತರು ನಾಲ್ವರನ್ನು ಆರಿಸಿದ್ದು 1955ರ ನಂತರ ಅದೇ ಮೊದಲು. ಅವರ ಹಿಂದೆ ಮೈಕ್ ಪಿಯಾಜಾ, ಜೆಫ್ ಬ್ಯಾಗ್ವೆಲ್, ಟಿಮ್ ರೇನ್ಸ್, ಮೈಕ್ ಮುಸ್ಸಿನಾ, ಎಡ್ಗರ್ ಮಾರ್ಟಿನೆಜ್, ಲ್ಯಾರಿ ವಾಕರ್, ಆ್ಯಲನ್ ಟ್ರ್ಯಾಮೆಲ್, ಲೀ ಸ್ಮಿತ್, ಫ್ರೆಡ್ ಮೆಕ್‌ಗ್ರಿಫ್, ಜೆಫ್ ಕೆಂಟ್. ಇವರೆಲ್ಲರೂ ಆಮೇಲೆ ಒಂದಲ್ಲ ಒಂದು ದಾರಿಯಲ್ಲಿ ಆಯ್ಕೆಯಾದರು. ಇವರ ಜೊತೆಗೆ ಬ್ಯಾರಿ ಬಾಂಡ್ಸ್ ಮತ್ತು ರೋಜರ್ ಕ್ಲೆಮೆನ್ಸ್ ಕೂಡ ಆ ಪಟ್ಟಿಯಲ್ಲಿದ್ದರು. ಹತ್ತು ಹೆಸರಿನ ಮಿತಿಯಲ್ಲಿ ಹನ್ನೊಂದನೆಯವರಿಗೆ ಜಾಗ ಎಲ್ಲಿ?

ಹಾಗಾಗಿ "ಶೇ 3.8 ಬಂತು, ಪತ್ರಕರ್ತರು ತಿರಸ್ಕರಿಸಿದರು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಬಗ್ಗೆ ಹತ್ತು ವರ್ಷ ನಡೆಯಬೇಕಿದ್ದ ಚರ್ಚೆ ಒಂದೇ ವರ್ಷಕ್ಕೆ ನಿಂತುಹೋಯಿತು. ನನ್ನ ಬೇಸರ ಇರುವುದು ಅದಕ್ಕೆ. ನೀವು ಯಾವ ಆಟಗಾರನ ಬಗ್ಗೆ ವಾದ ಮಾಡಿದರೂ ಅವರ ಮತದ ಶೇಕಡಾವಾರು ಹೇಳುವ ಮೊದಲು ಆ ವರ್ಷದ ಪಟ್ಟಿಯನ್ನು ತೆಗೆದು ನೋಡಿ.

2. ಹೆಸರು ಹೇಳುವ ಮೊದಲೇ ಗೆರೆ ಎಳೆಯಿರಿ

ಇದು ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ನಾವು ಆ ದಿನ ತಪ್ಪಿದ್ದೂ ಇಲ್ಲೇ. ಒಂದು ಹಾಳೆ ತೆಗೆದುಕೊಳ್ಳಿ. ಆಟಗಾರನ ಹೆಸರು ಬರೆಯಬೇಡಿ. "ಹಾಲ್ ಆಫ್ ಫೇಮ್‌ಗೆ ಸೇರಲು ಒಬ್ಬ ಸ್ಲಗ್ಗರ್ ಏನು ಮಾಡಿರಬೇಕು?" ಅನ್ನುವುದಕ್ಕೆ ನಿಮ್ಮ ಉತ್ತರವನ್ನು ಎರಡು ಸಾಲಿನಲ್ಲಿ ಬರೆಯಿರಿ. ನಿಮ್ಮ ಜೊತೆ ವಾದ ಮಾಡುವವರೂ ಬರೆಯಲಿ. ಆಮೇಲೆ ಹಾಳೆ ಬದಲಾಯಿಸಿಕೊಳ್ಳಿ.

ಬರೆಯಲು ಕೂತರೆ ಗೊತ್ತಾಗುತ್ತದೆ, ಇಲ್ಲಿ ಎರಡು ಬಗೆಯ ಜನ ಇದ್ದಾರೆ. ಕೆಲವರಿಗೆ ಉತ್ತುಂಗದ ದಿನಗಳು ಮುಖ್ಯ. ಆಟಗಾರ ಐದಾರು ವರ್ಷ ಎಲ್ಲರಿಗಿಂತ ಮೇಲಿದ್ದರೆ ಸಾಕು. ಇನ್ನು ಕೆಲವರಿಗೆ ದೀರ್ಘ ಬಾಳಿಕೆ ಮುಖ್ಯ. ಇಪ್ಪತ್ತು ವರ್ಷ ಚೆನ್ನಾಗಿ ಆಡಿ ದೊಡ್ಡ ಮೊತ್ತ ಕೂಡಿಸಿರಬೇಕು.

ಎರಡಕ್ಕೂ ಕೂಪರ್ಸ್‌ಟೌನಿನಲ್ಲಿ ಸಾಕ್ಷಿ ಇದೆ. ರಾಲ್ಫ್ ಕೈನರ್ ಆಡಿದ್ದೇ ಹತ್ತು ಸೀಸನ್. ಹೊಡೆದದ್ದು 369 ಹೋಮ್ ರನ್. ಆದರೆ 1946ರಿಂದ 1952ರವರೆಗೆ ಸತತ ಏಳು ವರ್ಷ, ಮೇಜರ್ ಲೀಗಿನ ಎರಡು ಭಾಗಗಳಲ್ಲಿ (ನ್ಯಾಷನಲ್, ಅಮೆರಿಕನ್) ಒಂದಾದ ನ್ಯಾಷನಲ್ ಲೀಗ್‌ನಲ್ಲಿ ಅವರಿಗಿಂತ ಜಾಸ್ತಿ ಹೋಮ್ ರನ್ ಹೊಡೆದವರೇ ಇಲ್ಲ. 1975ರಲ್ಲಿ, ಪಟ್ಟಿಯಲ್ಲಿ ಅವರ ಕೊನೆಯ ವರ್ಷದಲ್ಲಿ, ಆಯ್ಕೆಯಾದರು. ಇನ್ನೊಂದು ಕಡೆ ಎಡ್ಡಿ ಮರ್ರೆ. ಯಾವ ಸೀಸನ್‌ನಲ್ಲೂ 33ಕ್ಕಿಂತ ಜಾಸ್ತಿ ಹೋಮ್ ರನ್ ಹೊಡೆಯಲಿಲ್ಲ. ಆದರೆ 21 ಸೀಸನ್ ಆಡಿ 504 ಹೋಮ್ ರನ್, 3,255 ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟಿದ್ದು) ಕೂಡಿಸಿದರು. ಮೊದಲ ವರ್ಷವೇ ಆಯ್ಕೆ.

ನನ್ನ ಹಾಳೆಯಲ್ಲಿ ನಾನು ಬರೆದದ್ದು ಹೀಗೆ: ಕನಿಷ್ಠ ಹತ್ತು ವರ್ಷ ತನ್ನ ಲೀಗಿನ ಅತ್ಯುತ್ತಮ ಬ್ಯಾಟುಗಳಲ್ಲಿ ಒಂದಾಗಿರಬೇಕು. ಅದರಲ್ಲಿ ಒಂದೆರಡು ವರ್ಷ ಎಂವಿಪಿ, ಅಂದರೆ ಲೀಗಿನ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಯ ಹತ್ತಿರ ಹೋಗಿರಬೇಕು. ನಿಮ್ಮ ಗೆರೆ ಬೇರೆ ಇರಬಹುದು, ಪರವಾಗಿಲ್ಲ. ಒಮ್ಮೆ ಎಳೆದ ಮೇಲೆ ನಿಮಗೆ ಬೇಕಾದವರು ಬಂದಾಗ ಗೆರೆ ಸರಿಸಬೇಡಿ, ಅಷ್ಟೇ.

3. ಅಂಕಿಗಳನ್ನು ಹಳೆಯದರಿಂದ ಹೊಸದಕ್ಕೆ ಓದಿ

ಬೇಸ್‌ಬಾಲ್-ರೆಫರೆನ್ಸ್ ತಾಣದಲ್ಲಿ ಆಟಗಾರನ ಪುಟ ತೆಗೆಯಿರಿ. ಎಲ್ಲವೂ ಉಚಿತ. ಮೊದಲು ಕಣ್ಣಿಗೆ ಬೀಳುವ ಹಳೆಯ ಅಂಕಿಗಳಿಂದ ಶುರು ಮಾಡಿ.

ಡೆಲ್ಗಾಡೊ 1993ರಿಂದ 2009ರವರೆಗೆ ಆಡಿದರು. ಬಹುಪಾಲು ಟೊರೊಂಟೊ ಬ್ಲೂ ಜೇಸ್, ಆಮೇಲೆ ಒಂದು ವರ್ಷ ಫ್ಲಾರಿಡಾ ಮಾರ್ಲಿನ್ಸ್, ಕೊನೆಗೆ ನ್ಯೂಯಾರ್ಕ್ ಮೆಟ್ಸ್. 2,035 ಪಂದ್ಯ, 473 ಹೋಮ್ ರನ್, 1,512 ಆರ್‌ಬಿಐ. ಆರ್‌ಬಿಐ ಅಂದರೆ ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್‌ಗಳು. ಬ್ಯಾಟಿಂಗ್ ಸರಾಸರಿ .280. ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಸರಾಸರಿ ಮೊದಲು ಗೊಂದಲ ಮಾಡುತ್ತದೆ. ಸಾವಿರ ಸಲ ಬ್ಯಾಟ್ ಮಾಡಿದರೆ 280 ಸಲ ಹಿಟ್ ಹೊಡೆದರು ಅಂತ ಇದರ ಅರ್ಥ. ವಾಕ್, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಬೇಸ್, ಆ ಲೆಕ್ಕದಲ್ಲಿ ಬರುವುದಿಲ್ಲ.

ಹಾಗಾಗಿ ಸುಮ್ನೆ ಸರಾಸರಿ ನೋಡಿ ನಿಲ್ಲಬಾರದು. ಪಕ್ಕದಲ್ಲೇ ಇನ್ನೆರಡು ಅಂಕಿ ಇರುತ್ತವೆ. ಆನ್-ಬೇಸ್ ಅಂದರೆ ಎಷ್ಟು ಸಲ ಔಟಾಗದೆ ಬೇಸ್ ತಲುಪಿದರು ಅಂತ. ವಾಕ್ ಇದರಲ್ಲಿ ಸೇರುತ್ತದೆ. ಡೆಲ್ಗಾಡೊ ಅವರದ್ದು .383. ಸ್ಲಗಿಂಗ್ ಅಂದರೆ ಹೊಡೆತದಲ್ಲಿ ಎಷ್ಟು ಬಲ ಇತ್ತು ಅಂತ. ಡಬಲ್‌ಗೆ ಎರಡು, ಹೋಮ್ ರನ್‌ಗೆ ನಾಲ್ಕು ಅಂತ ಲೆಕ್ಕ. ಅದು .546. ಸ್ಲಗ್ಗರ್‌ನನ್ನು ಅಳೆಯಲು ಈ ಎರಡು ಅಂಕಿಗಳು ಬ್ಯಾಟಿಂಗ್ ಸರಾಸರಿಗಿಂತ ಎಷ್ಟೋ ಮೇಲು.

ಆಮೇಲೆ ವರ್ಷ ವರ್ಷದ ಸಾಲುಗಳನ್ನು ಓದಿ. ಒಟ್ಟು ಮೊತ್ತದಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ. 1997ರಿಂದ 2006ರವರೆಗೆ ಡೆಲ್ಗಾಡೊ ಅವರ ಹೋಮ್ ರನ್: 30, 38, 44, 41, 39, 33, 42, 32, 33, 38. ಸತತ ಹತ್ತು ವರ್ಷ ಮೂವತ್ತಕ್ಕಿಂತ ಕೆಳಗೆ ಇಳಿದೇ ಇಲ್ಲ. ಈ ಸಾಲನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ. ಬ್ಲೂ ಜೇಸ್ ಪರ ಅವರು ಹೊಡೆದ 336 ಹೋಮ್ ರನ್ ಇವತ್ತಿಗೂ ಆ ತಂಡದ ದಾಖಲೆ.

ಅವರ ಅತ್ಯುತ್ತಮ ವರ್ಷ 2000. 162 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. .344 ಸರಾಸರಿ, .470 ಆನ್-ಬೇಸ್, .664 ಸ್ಲಗಿಂಗ್, 57 ಡಬಲ್, 41 ಹೋಮ್ ರನ್, 137 ಆರ್‌ಬಿಐ. ಎಂವಿಪಿ ಮತದಾನದಲ್ಲಿ ನಾಲ್ಕನೇ ಸ್ಥಾನ. 2003ರಲ್ಲಿ 145 ಆರ್‌ಬಿಐ ಮಾಡಿ ಅಮೆರಿಕನ್ ಲೀಗಿಗೇ ಮೊದಲಿಗರಾದರು. ಎಂವಿಪಿಯಲ್ಲಿ ಎರಡನೇ ಸ್ಥಾನ. ಅದೇ ವರ್ಷ ಸೆಪ್ಟೆಂಬರ್ 25ರಂದು ಟ್ಯಾಂಪಾ ಬೇ ವಿರುದ್ಧ ನಾಲ್ಕು ಸಲ ಬ್ಯಾಟ್ ಹಿಡಿದು ನಾಲ್ಕೂ ಸಲ ಹೋಮ್ ರನ್ ಹೊಡೆದರು. ಆ ರಾತ್ರಿ ನಾನು ಟಿವಿ ಮುಂದೆ ಇದ್ದೆ. ನಾಲ್ಕನೆಯದು ಹೋದಾಗ ಸೋಫಾ ಬಿಟ್ಟು ಎದ್ದು ನಿಂತಿದ್ದೆ. ಹಾಗಂತ ಆ ಒಂದು ರಾತ್ರಿಯನ್ನು ನಾನು ವಾದಕ್ಕೆ ತರುವುದಿಲ್ಲ. ಒಂದು ರಾತ್ರಿಯ ಆಟಕ್ಕೆ ಹಾಲ್ ಆಫ್ ಫೇಮ್ ಸಿಗುವುದಿಲ್ಲ, ಸಿಗಲೂ ಬಾರದು.

ಕೊನೆಗೆ ಹೊಸ ಅಂಕಿ, ವಾರ್. ಸುಲಭವಾಗಿ ಸಿಗುವ ಒಬ್ಬ ಬದಲಿ ಆಟಗಾರನ ಜಾಗದಲ್ಲಿ ಇವರು ಆಡಿದ್ದರಿಂದ ತಂಡಕ್ಕೆ ಎಷ್ಟು ಗೆಲುವು ಜಾಸ್ತಿ ಬಂತು ಅನ್ನುವ ಅಂದಾಜು ಅದು. ಬ್ಯಾಟಿಂಗ್, ಓಟ, ಫೀಲ್ಡಿಂಗ್, ಆಡಿದ ಜಾಗ ಎಲ್ಲವೂ ಇದರಲ್ಲಿ ಸೇರುತ್ತದೆ. ಬೇಸ್‌ಬಾಲ್-ರೆಫರೆನ್ಸ್ ಪ್ರಕಾರ ಡೆಲ್ಗಾಡೊ ಅವರ ವಾರ್ 44ರ ಸುತ್ತ. ಹಾಲ್‌ನಲ್ಲಿರುವ ಫಸ್ಟ್ ಬೇಸ್ ಆಟಗಾರರ, ಅಂದರೆ ಡೆಲ್ಗಾಡೊ ಫೀಲ್ಡ್ ಮಾಡುತ್ತಿದ್ದ ಜಾಗದವರ, ಸರಾಸರಿ 65ರ ಸುತ್ತ. ಡೆಲ್ಗಾಡೊ ವಿರುದ್ಧ ಇರುವ ಅತಿ ಬಲವಾದ ವಾದ ಇದೇ. ಇದನ್ನು ಮುಚ್ಚಿಡಬೇಡಿ. ನೀವೇ ಮೊದಲು ಹೇಳಿ.

ಈ ಅಂತರ ಯಾಕೆ ಬಂತು ಅಂತಲೂ ತಿಳಿದಿರಬೇಕು. ಫಸ್ಟ್ ಬೇಸ್ ಸುಲಭದ ಜಾಗ ಅಂತ ವಾರ್ ಲೆಕ್ಕದಲ್ಲಿ ಅಂಕ ಕಡಿತ ಆಗುತ್ತದೆ. ಡೆಲ್ಗಾಡೊ ಶುರುವಿನಲ್ಲಿ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಆಗಿದ್ದರು, ಆಮೇಲೆ ಫಸ್ಟ್ ಬೇಸಿಗೆ ಬಂದರು. ಫೀಲ್ಡಿಂಗ್ ಅವರ ಬಲ ಆಗಿರಲಿಲ್ಲ. ಓಟವೂ ಅಷ್ಟೇ. ಬ್ಯಾಟು ಗಳಿಸಿದ್ದರಲ್ಲಿ ಒಂದು ಪಾಲನ್ನು ಗ್ಲವ್ ಕಳೆದಿದೆ. ಇನ್ನೊಂದು ಎಚ್ಚರ: ಫ್ಯಾನ್‌ಗ್ರಾಫ್ಸ್ ತಾಣದ ವಾರ್ ಬೇರೆ ಲೆಕ್ಕದ್ದು. ಒಬ್ಬ ಆಟಗಾರನಿಗೆ ಒಂದು ತಾಣದ ಅಂಕಿ, ಇನ್ನೊಬ್ಬರಿಗೆ ಇನ್ನೊಂದು ತಾಣದ್ದು ಹಿಡಿದು ಹೋಲಿಸಬೇಡಿ.

4. ಕಾಲವನ್ನೂ ಮೈದಾನವನ್ನೂ ಲೆಕ್ಕಕ್ಕೆ ತನ್ನಿ

ಜಿ.ಆರ್. ವಿಶ್ವನಾಥ್ ಅವರ ಟೆಸ್ಟ್ ಸರಾಸರಿ 41.93. ಅದನ್ನು ಹಾಗೇ ಎತ್ತಿ ಇವತ್ತಿನ ಬ್ಯಾಟರ್‌ಗಳ ಪಕ್ಕ ಇಟ್ಟರೆ ನಮ್ಮಲ್ಲಿ ಯಾರಾದರೂ ಸುಮ್ಮನಿರುತ್ತಾರಾ? ಆ ಪಿಚ್, ಆ ಬೌಲರ್‌ಗಳು, ಹೆಲ್ಮೆಟ್ ಇಲ್ಲದ ಆ ಕಾಲ ಅಂತ ಹೇಳುತ್ತೇವೆ. ಬೇಸ್‌ಬಾಲಿಗೂ ಅದೇ ನ್ಯಾಯ. ಇಲ್ಲಿ ಅದು ಡೆಲ್ಗಾಡೊಗೆ ವಿರುದ್ಧವಾಗಿ ಹೋಗುತ್ತದೆ.

1968ರಲ್ಲಿ ಮೇಜರ್ ಲೀಗ್‌ನಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 3.42 ರನ್ ಗಳಿಸುತ್ತಿತ್ತು. ಆ ವರ್ಷ ಕಾರ್ಲ್ ಯಸ್ಟ್ರೆಮ್‌ಸ್ಕಿ .301 ಸರಾಸರಿಯಲ್ಲೇ ಅಮೆರಿಕನ್ ಲೀಗಿಗೆ ಮೊದಲಿಗರಾದರು. 2000ಕ್ಕೆ ಬಂದರೆ ಅದೇ ಸರಾಸರಿ 5.14 ರನ್. ಆ ಒಂದೇ ಸೀಸನ್‌ನಲ್ಲಿ ಒಟ್ಟು 5,693 ಹೋಮ್ ರನ್ ಹಾರಿದವು. ಡೆಲ್ಗಾಡೊ ಆಡಿದ್ದು ಹೋಮ್ ರನ್ ಸುರಿಮಳೆಯ ಕಾಲದಲ್ಲಿ. 1999ರಲ್ಲಿ ಅವರು 44 ಹೊಡೆದರೂ ಲೀಗಿನಲ್ಲಿ ಕೆನ್ ಗ್ರಿಫಿ ಜೂನಿಯರ್ 48, ರಾಫೆಲ್ ಪಾಲ್ಮೇರೊ 47 ಹೊಡೆದು ಮುಂದಿದ್ದರು. ಯಾವ ವರ್ಷವೂ ಡೆಲ್ಗಾಡೊ ಲೀಗಿನ ಹೋಮ್ ರನ್ ಪಟ್ಟಿಯಲ್ಲಿ ಮೊದಲಿಗರಾಗಲಿಲ್ಲ.

ಇದಕ್ಕೆ ಒಳ್ಳೆಯ ಸಾಧನ ಓಪಿಎಸ್ ಪ್ಲಸ್. ಆನ್-ಬೇಸ್ ಮತ್ತು ಸ್ಲಗಿಂಗ್ ಎರಡನ್ನೂ ಸೇರಿಸಿ, ಆ ಕಾಲಕ್ಕೂ ಆ ಮೈದಾನಕ್ಕೂ ಹೊಂದಿಸಿ ಕೊಡುವ ಅಂಕಿ. 100 ಅಂದರೆ ಲೀಗಿನ ಸರಾಸರಿ ಬ್ಯಾಟು. ಡೆಲ್ಗಾಡೊ ಅವರ ಜೀವಮಾನದ ಅಂಕಿ 138. ಹೋಮ್ ರನ್ ಮಳೆಯನ್ನೆಲ್ಲ ಕಳೆದು ನೋಡಿದರೂ ಅವರು ಸರಾಸರಿಗಿಂತ ಇಷ್ಟು ಮೇಲೆ ನಿಲ್ಲುತ್ತಾರೆ. "ಆ ಕಾಲದಲ್ಲಿ ಎಲ್ಲರೂ ಹೊಡೀತಿದ್ರು" ಅನ್ನುವವರಿಗೆ ಈ ಒಂದು ಅಂಕಿ ಸಾಕು.

ಮೈದಾನದ ವಿಷಯ ಬೇಗ ಮುಗಿಸುತ್ತೇನೆ. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ. ಲ್ಯಾರಿ ವಾಕರ್, ಟಾಡ್ ಹೆಲ್ಟನ್ ಇಬ್ಬರೂ ಕಾಯಬೇಕಾಗಿ ಬಂದದ್ದಕ್ಕೆ ಈ ಅನುಮಾನ ದೊಡ್ಡ ಕಾರಣ. ಕೊನೆಗೆ ವಾಕರ್ 2020ರಲ್ಲಿ, ಹೆಲ್ಟನ್ 2024ರಲ್ಲಿ ಆಯ್ಕೆಯಾದರು. ನಿಮ್ಮ ಆಟಗಾರ ಕೊಲೊರಾಡೊದಲ್ಲಿ ಆಡಿದ್ದರೆ ಇದನ್ನು ವಿವರವಾಗಿ ನೋಡಿ. ಟೊರೊಂಟೊದವರಿಗೆ ಇದು ಅಷ್ಟು ದೊಡ್ಡ ಸಂಗತಿ ಅಲ್ಲ.

5. ಸರಿಯಾದವರ ಪಕ್ಕ ನಿಲ್ಲಿಸಿ

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಹಾಲ್‌ನಲ್ಲಿರುವ ಅತ್ಯಂತ ದುರ್ಬಲ ಹೆಸರನ್ನು ಹುಡುಕಿ, "ಅವರೇ ಇದ್ದಾರೆ, ನಮ್ಮವರು ಯಾಕೆ ಬೇಡ?" ಅನ್ನುವುದು. 2018ರ ಡಿಸೆಂಬರ್‌ನಲ್ಲಿ ಸಮಿತಿ ಹೆರಾಲ್ಡ್ ಬೇನ್ಸ್ ಅವರನ್ನು 12 ಮತದಿಂದ ಆರಿಸಿದ ಮೇಲೆ ಈ ಮಾತು ತುಂಬ ಜಾಸ್ತಿಯಾಯಿತು. ಬೇನ್ಸ್ 384 ಹೋಮ್ ರನ್, 2,866 ಹಿಟ್ ಹೊಡೆದ ಒಳ್ಳೆಯ ಆಟಗಾರ. ಅವರ ಓಪಿಎಸ್ ಪ್ಲಸ್ 121. ಡೆಲ್ಗಾಡೊ ಬ್ಯಾಟು ಅದಕ್ಕಿಂತ ಎಷ್ಟೋ ಮೇಲಿತ್ತು, ನಿಜ. ಆದರೆ ಬೇನ್ಸ್‌ಗಿಂತ ಮೇಲಿರುವವರನ್ನೆಲ್ಲ ಒಳಗೆ ಬಿಡಲು ಹೊರಟರೆ ಕೂಪರ್ಸ್‌ಟೌನಿನ ಗೋಡೆ ಸಾಲುವುದಿಲ್ಲ. ಈ ವಾದ ಬಿಟ್ಟುಬಿಡಿ.

ಹಾಲ್‌ನ ನಡುಭಾಗದಲ್ಲಿರುವವರನ್ನು ಆರಿಸಿಕೊಳ್ಳಿ. ಡೆಲ್ಗಾಡೊಗೆ ಸರಿಯಾದ ಜೋಡಿ ಫ್ರೆಡ್ ಮೆಕ್‌ಗ್ರಿಫ್. ಇಬ್ಬರೂ ಎಡಗೈ ಬ್ಯಾಟರ್‌ಗಳು, ಇಬ್ಬರೂ ಫಸ್ಟ್ ಬೇಸ್, ಇಬ್ಬರೂ ಮೇಜರ್ ಲೀಗ್ ಆಟ ಶುರು ಮಾಡಿದ್ದು ಟೊರೊಂಟೊದಲ್ಲೇ. ಮೆಕ್‌ಗ್ರಿಫ್ 2,460 ಪಂದ್ಯಗಳಲ್ಲಿ 493 ಹೋಮ್ ರನ್, 1,550 ಆರ್‌ಬಿಐ ಮಾಡಿದರು. ಡೆಲ್ಗಾಡೊ 425 ಪಂದ್ಯ ಕಡಿಮೆ ಆಡಿದ್ದಾರೆ. ಆದರೂ ಹೋಮ್ ರನ್‌ನಲ್ಲಿ ಹಿಂದೆ ಇರುವುದು 20ರಿಂದ, ಆರ್‌ಬಿಐನಲ್ಲಿ 38ರಿಂದ ಮಾತ್ರ. ಓಪಿಎಸ್ ಪ್ಲಸ್ ಮೆಕ್‌ಗ್ರಿಫ್‌ಗೆ 134, ಡೆಲ್ಗಾಡೊಗೆ 138. ಮೆಕ್‌ಗ್ರಿಫ್ ಪತ್ರಕರ್ತರ ಪಟ್ಟಿಯಲ್ಲಿ ಹತ್ತು ವರ್ಷ ಇದ್ದು, ಕೊನೆಯ ವರ್ಷವೂ ಶೇ 39.8ಕ್ಕಿಂತ ಮೇಲೆ ಹೋಗಲಿಲ್ಲ. 2022ರ ಡಿಸೆಂಬರ್‌ನಲ್ಲಿ ಸಮಿತಿ ಹದಿನಾರಕ್ಕೆ ಹದಿನಾರು ಮತ ಕೊಟ್ಟು ಅವರನ್ನು ಒಳಗೆ ಕರೆಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಡೆಲ್ಗಾಡೊ ಗೆದ್ದ ಹಾಗೆ ಕಾಣುತ್ತದೆ. ಆದರೆ ಪೂರ್ತಿ ಹೇಳಬೇಕು. ಮೆಕ್‌ಗ್ರಿಫ್ ಎರಡು ಸಲ ಲೀಗಿನ ಹೋಮ್ ರನ್ ಪಟ್ಟಿಯಲ್ಲಿ ಮೊದಲಿಗರು, 1989ರಲ್ಲಿ 36, 1992ರಲ್ಲಿ 35. ಅದು ಹೋಮ್ ರನ್ ಕಷ್ಟವಾಗಿದ್ದ ಕಾಲ. ಐದು ಸಲ ಆಲ್-ಸ್ಟಾರ್, ಅಂದರೆ ಲೀಗಿನ ಆ ವರ್ಷದ ಆಯ್ದ ತಂಡದಲ್ಲಿ ಜಾಗ. 1995ರಲ್ಲಿ ಅಟ್ಲಾಂಟಾ ಜೊತೆ ವರ್ಲ್ಡ್ ಸೀರೀಸ್ ಗೆದ್ದರು. ಅವರ ವಾರ್ 52ರ ಆಚೆ. ಡೆಲ್ಗಾಡೊ ಆಲ್-ಸ್ಟಾರ್ ಆದದ್ದು ಎರಡೇ ಸಲ, 2000 ಮತ್ತು 2003ರಲ್ಲಿ.

ಇನ್ನೊಬ್ಬರು ಡೇವಿಡ್ ಓರ್ಟಿಜ್. ಓಪಿಎಸ್ ಪ್ಲಸ್ 141, ಹೋಮ್ ರನ್ 541. ಡೆಲ್ಗಾಡೊ ಅವರ ಬ್ಯಾಟಿಗೂ ಓರ್ಟಿಜ್ ಬ್ಯಾಟಿಗೂ ಒಂದು ಸಲಕ್ಕೆ ಇಷ್ಟು ಅಂತ ನೋಡಿದರೆ ವ್ಯತ್ಯಾಸ ತೀರ ಕಡಿಮೆ. ಆದರೆ ಓರ್ಟಿಜ್ ಬಾಸ್ಟನ್‌ಗೆ ಮೂರು ವರ್ಲ್ಡ್ ಸೀರೀಸ್ ಗೆಲ್ಲಿಸಿಕೊಟ್ಟರು. 2022ರಲ್ಲಿ ಮೊದಲ ವರ್ಷವೇ ಶೇ 77.9 ಮತ ಬಂತು.

ವಿಲ್ಲಿ ಸ್ಟಾರ್ಜೆಲ್ ಹೆಸರನ್ನೂ ಕೆಲವರು ತರುತ್ತಾರೆ. 475 ಹೋಮ್ ರನ್, ಡೆಲ್ಗಾಡೊಗಿಂತ ಎರಡೇ ಜಾಸ್ತಿ. ಆದರೆ ಓಪಿಎಸ್ ಪ್ಲಸ್ 147, ಎರಡು ವರ್ಲ್ಡ್ ಸೀರೀಸ್, 1979ರ ಎಂವಿಪಿಯಲ್ಲಿ ಪಾಲು. ಹೋಮ್ ರನ್ ಸಂಖ್ಯೆ ಒಂದೇ ಅಂತ ಇಬ್ಬರನ್ನೂ ಸಮ ಅನ್ನಬಾರದು.

6. ಆಡದೇ ಹೋದ ಪಂದ್ಯಗಳ ಬಗ್ಗೆ ಏನು ಮಾಡಬೇಕು

ಪೋಸ್ಟ್ ಸೀಸನ್, ಅಂದರೆ ಸೀಸನ್ ಮುಗಿದ ಮೇಲಿನ ನಾಕೌಟ್ ಪಂದ್ಯಗಳ ವಾದ ಸ್ಲಗ್ಗರ್‌ಗಳ ವಿಷಯದಲ್ಲಿ ಯಾವಾಗಲೂ ಬರುತ್ತದೆ. ಇಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಕೇಳಿ. ಅವಕಾಶ ಸಿಕ್ಕಾಗ ಹೇಗೆ ಆಡಿದರು? ಅವಕಾಶ ಯಾಕೆ ಸಿಗಲಿಲ್ಲ?

ಡೆಲ್ಗಾಡೊ ಇದ್ದ ಕಾಲದಲ್ಲಿ ಟೊರೊಂಟೊ ತಂಡ 1993ರ ನಂತರ ಪೋಸ್ಟ್ ಸೀಸನ್ ಮುಖವನ್ನೇ ನೋಡಲಿಲ್ಲ. ಅವರಿಗೆ ಸಿಕ್ಕ ಒಂದೇ ಅವಕಾಶ 2006ರಲ್ಲಿ, ಮೆಟ್ಸ್ ಜೊತೆ. ಹತ್ತು ಪಂದ್ಯ, .351 ಸರಾಸರಿ, 4 ಹೋಮ್ ರನ್, 11 ಆರ್‌ಬಿಐ. ಮೆಟ್ಸ್ ಲೀಗ್ ಫೈನಲಿನ ಏಳನೇ ಪಂದ್ಯದಲ್ಲಿ ಸೇಂಟ್ ಲೂಯಿಸ್ ಎದುರು ಸೋತಿತು. ಒಂಬತ್ತು ಜನರ ಆಟದಲ್ಲಿ ತಂಡ ಗೆಲ್ಲದ್ದಕ್ಕೆ ಒಬ್ಬ ಬ್ಯಾಟರ್‌ನನ್ನು ಹೊಣೆ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಗಾಯದ ವಿಷಯ ಇನ್ನೂ ನಾಜೂಕು. 2008ರಲ್ಲಿ, 36ನೇ ವಯಸ್ಸಿನಲ್ಲಿ, ಡೆಲ್ಗಾಡೊ 38 ಹೋಮ್ ರನ್, 115 ಆರ್‌ಬಿಐ ಮಾಡಿದರು. ಮರುವರ್ಷ ಮೇ ತಿಂಗಳಲ್ಲಿ ಸೊಂಟದ ಕೀಲು ಕೈಕೊಟ್ಟಿತು. ಮತ್ತೆ ಮೇಜರ್ ಲೀಗ್ ಆಡಲಿಲ್ಲ. 2011ರಲ್ಲಿ ನಿವೃತ್ತಿ ಹೇಳಿದರು. 500ಕ್ಕೆ 27 ಬಾಕಿ ಇತ್ತು. ಆರೋಗ್ಯ ಸರಿ ಇದ್ದಿದ್ದರೆ ಒಂದೇ ಸೀಸನ್ನಿನ ಮಾತು.

ಆದರೂ "ಹೊಡೀತಿದ್ರು" ಅನ್ನುವುದನ್ನು ಲೆಕ್ಕಕ್ಕೆ ಸೇರಿಸಬೇಡಿ. ಆಡದ ಪಂದ್ಯಕ್ಕೆ ಅಂಕ ಇಲ್ಲ. ಗಾಯದ ಕಥೆ ಒಂದೇ ಒಂದು ವಿಷಯ ತೋರಿಸುತ್ತದೆ: 473ಕ್ಕೆ ನಿಂತದ್ದು ಬ್ಯಾಟು ಮಂಕಾಗಿ ಅಲ್ಲ. ಅಷ್ಟರ ಮಟ್ಟಿಗೆ ಅದನ್ನು ಬಳಸಿ.

7. ಮದ್ದಿನ ಪ್ರಶ್ನೆ ಮತ್ತು ನಡತೆಯ ಪ್ರಶ್ನೆ

ಈ ಕಾಲದ ಸ್ಲಗ್ಗರ್ ಅಂದ ಕೂಡಲೇ ಉದ್ದೀಪನ ಮದ್ದಿನ ಮಾತು ಬರುತ್ತದೆ. 762 ಹೋಮ್ ರನ್ ಹೊಡೆದ ಬಾಂಡ್ಸ್ ಪತ್ರಕರ್ತರ ಕೊನೆಯ ಮತದಾನದಲ್ಲಿ ಶೇ 66ಕ್ಕೆ ನಿಂತರು. 569 ಹೋಮ್ ರನ್ ಜೊತೆಗೆ ಮೂರು ಸಾವಿರಕ್ಕೂ ಮೀರಿ ಹಿಟ್ ಹೊಡೆದ ಪಾಲ್ಮೇರೊ 2005ರಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. 2014ರಲ್ಲಿ ಶೇ 5 ಕೂಡ ಸಿಗದೆ ಪಟ್ಟಿಯಿಂದ ಬಿದ್ದರು.

ಇಲ್ಲಿ ನನ್ನ ನಿಯಮ ಕಟ್ಟುನಿಟ್ಟು. ಪರೀಕ್ಷೆಯ ಫಲಿತಾಂಶ, ಆಟಗಾರನೇ ಒಪ್ಪಿಕೊಂಡದ್ದು, ಅಧಿಕೃತ ತನಿಖಾ ವರದಿ, ಈ ಮೂರು ಬಿಟ್ಟು ಬೇರೆ ಏನನ್ನೂ ಮಾತಿಗೆ ತರಬೇಡಿ. "ತೋಳು ನೋಡಿದ್ರೆ ಗೊತ್ತಾಗಲ್ವಾ?" ಅನ್ನುವ ಮಾತು ಒಬ್ಬ ಮನುಷ್ಯನ ಹೆಸರನ್ನು ಸುಡುತ್ತದೆ. ಮದ್ದಿನ ಬಗ್ಗೆ ಅಧಿಕೃತ ತನಿಖೆ ಮಾಡಿದ 2007ರ ಮಿಚೆಲ್ ವರದಿಯಲ್ಲಿ ಡೆಲ್ಗಾಡೊ ಹೆಸರು ಇಲ್ಲ. ಇನ್ನೊಂದು ಸಂಗತಿಯನ್ನೂ ತೂಕಕ್ಕೆ ಹಾಕಿ. 2003ರ ಎಂವಿಪಿಯಲ್ಲಿ ಅವರನ್ನು ಹಿಂದೆ ಹಾಕಿದವರು ಟೆಕ್ಸಸ್‌ನ ಅಲೆಕ್ಸ್ ರಾಡ್ರಿಗೆಜ್. 2001ರಿಂದ 2003ರವರೆಗೆ ಮದ್ದು ಬಳಸಿದ್ದನ್ನು ಅವರೇ 2009ರಲ್ಲಿ ಒಪ್ಪಿಕೊಂಡರು. ಡೆಲ್ಗಾಡೊಗೆ ಎಂವಿಪಿ ಇಲ್ಲ ಅನ್ನುವವರಿಗೆ ಇದನ್ನು ನೆನಪಿಸುವುದು ನ್ಯಾಯ.

ಮತದಾರರ ನಿಯಮದಲ್ಲಿ ಆಟದ ಜೊತೆಗೆ ಪ್ರಾಮಾಣಿಕತೆ, ಕ್ರೀಡಾ ಮನೋಭಾವ, ನಡತೆ ಕೂಡ ಇವೆ. ಜನ ಇದನ್ನು ಒಬ್ಬರನ್ನು ಹೊರಗಿಡಲು ಮಾತ್ರ ಬಳಸುತ್ತಾರೆ. ಒಳಗೆ ಕರೆಯಲೂ ಬಳಸಬಹುದಲ್ಲ? ಡೆಲ್ಗಾಡೊ ಪೋರ್ಟೊ ರಿಕೊದ ಅಗ್ವಾಡಿಯಾ ಊರಿನವರು. ಅವರ ನಾಡಿಗೆ ಸೇರಿದ ವಿಯೆಕೆಸ್ ದ್ವೀಪವನ್ನು ಅಮೆರಿಕದ ನೌಕಾಪಡೆ ದಶಕಗಳ ಕಾಲ ಬಾಂಬ್ ಅಭ್ಯಾಸಕ್ಕೆ ಬಳಸಿತ್ತು. ಅದರ ವಿರುದ್ಧ ಅವರು ದನಿ ಎತ್ತಿದರು. ಇರಾಕ್ ಯುದ್ಧವನ್ನು ವಿರೋಧಿಸಿ 2004ರಲ್ಲಿ, ಏಳನೇ ಇನ್ನಿಂಗ್ಸ್‌ನಲ್ಲಿ ಹಾಡುವ ದೇಶಭಕ್ತಿ ಗೀತೆಗೆ ಎದ್ದು ನಿಲ್ಲಲಿಲ್ಲ. ನ್ಯೂಯಾರ್ಕ್‌ನಲ್ಲಿ ಪ್ರೇಕ್ಷಕರು ಕೂಗಿ ಹೀಯಾಳಿಸಿದರು. ಎರಡು ವರ್ಷದ ನಂತರ ಸಮಾಜಸೇವೆಗೆ ಕೊಡುವ ರಾಬರ್ಟೊ ಕ್ಲೆಮೆಂಟೆ ಪ್ರಶಸ್ತಿ ಅವರಿಗೆ ಬಂತು. ಕ್ಲೆಮೆಂಟೆ ಕೂಡ ಪೋರ್ಟೊ ರಿಕೊದವರೇ. ಭೂಕಂಪದ ಸಂತ್ರಸ್ತರಿಗೆ ನೆರವು ಒಯ್ಯುವಾಗ 1972ರ ಕೊನೆಯ ದಿನ ವಿಮಾನ ಬಿದ್ದು ತೀರಿಕೊಂಡವರು. ನನಗೆ ಈ ಪ್ರಶಸ್ತಿ ಒಂದು ಆಲ್-ಸ್ಟಾರ್ ಆಯ್ಕೆಗಿಂತ ದೊಡ್ಡದು.

8. ಎದುರಿನವರ ಮಾತನ್ನು ನೀವೇ ಹೇಳಿ ನೋಡಿ

ಮತ ಹೇಳುವ ಮೊದಲು ಒಂದು ಕೆಲಸ ಬಾಕಿ ಇದೆ. ಎದುರಿನವರು ಒಪ್ಪುವ ಹಾಗೆ ಅವರ ವಾದವನ್ನು ನೀವು ಹೇಳಬೇಕು. ಡೆಲ್ಗಾಡೊ ಬೇಡ ಅನ್ನುವವರ ಮಾತು ಇದು: ವಾರ್ 44, ಹಾಲ್‌ನ ಸರಾಸರಿಗಿಂತ ಇಪ್ಪತ್ತು ಕಡಿಮೆ. ಎಂವಿಪಿ ಇಲ್ಲ. ಹೋಮ್ ರನ್‌ನಲ್ಲಿ ಒಮ್ಮೆಯೂ ಲೀಗಿಗೆ ಮೊದಲಲ್ಲ. ಬ್ಯಾಟು ಬಿಟ್ಟರೆ ಬೇರೆ ಕೊಡುಗೆ ಕಡಿಮೆ. ಬ್ಯಾಟು ಒಂದನ್ನೇ ನಂಬಿದವರು ಬ್ಯಾಟಿನಲ್ಲಿ ಇನ್ನೂ ಮೇಲಿರಬೇಕಿತ್ತು.

ಗಟ್ಟಿ ವಾದ ಇದು. ಇದನ್ನು ಹೇಳಿ ಮುಗಿಸಿದ ಮೇಲೂ ನಿಮ್ಮ ಮನಸ್ಸು ಅಲ್ಲೇ ನಿಂತಿದ್ದರೆ ಆಗ ಮತ ಹೇಳಿ. ಎಷ್ಟು ಗಟ್ಟಿಯಾಗಿ ನಂಬಿದ್ದೀರಿ ಅಂತಲೂ ಹೇಳಿ. ಹತ್ತರಲ್ಲಿ ಆರಾ, ಒಂಬತ್ತಾ?

ನನ್ನ ಮತ ಹೌದು. ಹತ್ತರಲ್ಲಿ ಆರು. ನಾನು ಮೊದಲೇ ಎಳೆದ ಗೆರೆಯಲ್ಲಿ ಹತ್ತು ವರ್ಷ ಇತ್ತು. 1997ರಿಂದ 2006ರವರೆಗೆ ಅವರ ಹತ್ತು ವರ್ಷವೂ ಕಣ್ಣ ಮುಂದಿದೆ. ಎರಡು ಸಲ ಎಂವಿಪಿ ಹತ್ತಿರ ಹೋಗಿದ್ದಾರೆ. ಮೆಕ್‌ಗ್ರಿಫ್‌ಗೆ ಒಂದೂ ಮತ ತಪ್ಪದ ಕಡೆ ಡೆಲ್ಗಾಡೊಗೆ ಒಂಬತ್ತಕ್ಕೇ ನಿಲ್ಲುವಷ್ಟು ದೂರ ಆ ಇಬ್ಬರ ನಡುವೆ ಇಲ್ಲ. ವಾರ್ ಒಂದನ್ನೇ ಹಿಡಿದವರು ಬೇಡ ಅಂದರೆ ನಾನು ಅವರ ಮೇಲೆ ಸಿಟ್ಟಾಗುವುದಿಲ್ಲ. ಅವರ ಹಾಳೆಯಲ್ಲಿ ಅವರು ಬರೆದ ಗೆರೆಗೆ ಅದೇ ಸರಿ.

9. ಮುಂದಿನ ಸಲಕ್ಕೆ

ಈ ಸಮಿತಿ ಇದೇ ಕಾಲದ ಆಟಗಾರರನ್ನು ಮತ್ತೆ ನೋಡುವುದು 2028ರ ಡಿಸೆಂಬರ್‌ನಲ್ಲಿ. ಹೊಸ ನಿಯಮದಂತೆ ಐದಕ್ಕಿಂತ ಕಡಿಮೆ ಮತ ಬಂದವರು ಮುಂದಿನ ಪಟ್ಟಿಗೆ ಬರುವ ಹಾಗಿಲ್ಲ. ಬಾಂಡ್ಸ್, ಕ್ಲೆಮೆನ್ಸ್, ಗ್ಯಾರಿ ಶೆಫೀಲ್ಡ್, ಫರ್ನಾಂಡೊ ವಲೆನ್ಸುಯೆಲಾ ನಾಲ್ವರಿಗೂ ಹೀಗಾಗಿದೆ. ಒಂಬತ್ತು ಮತ ಪಡೆದ ಡೆಲ್ಗಾಡೊಗೆ ಆ ಅಡ್ಡಿ ಇಲ್ಲ. ಸಮಿತಿಯಲ್ಲಿ ಪ್ರತಿಯೊಬ್ಬರಿಗೂ ಹೆಚ್ಚೆಂದರೆ ಮೂರೇ ಹೆಸರು ಬರೆಯುವ ಅವಕಾಶ. ಹಾಗಾಗಿ ಅವರ ಜೊತೆ ಪಟ್ಟಿಯಲ್ಲಿ ಯಾರು ಬರುತ್ತಾರೆ ಅನ್ನುವುದೂ ಮುಖ್ಯ. 2015ರಲ್ಲಿ ಆದದ್ದು ಮತ್ತೆ ಆಗಬಹುದು.

ನಮ್ಮ ಊಟದ ಗುಂಪಿನವರಿಗೆ ನಾನು ಈಗಲೇ ಹೇಳಿಟ್ಟಿದ್ದೇನೆ. ಪಟ್ಟಿ ಹೊರಬಂದ ದಿನ ಎಲ್ಲರೂ ಒಂದೊಂದು ಖಾಲಿ ಹಾಳೆ ತರಬೇಕು. ಮೊದಲು ಗೆರೆ, ಆಮೇಲೆ ಹೆಸರು, ಅದಾದ ಮೇಲೆ ಊಟ.